ಸುಡದೆ ಉಳಿದ ಎರಡು ಬೆರಳಗಲ

ಪೊಲೀಸ್ ಜೀಪಿನ ಹಿಂಬಾಗಿಲು ತೆರೆದಾಗ ನನ್ನ ಮೂಗಿಗೆ ಮೊದಲು ಬಡಿದದ್ದು ಅಡಿಕೆ ಬೇಯಿಸುವ ಒಲೆಯ ವಾಸನೆ. ಮಧ್ಯಾಹ್ನ ಎರಡೂವರೆ. ಹೊರರೋಗಿಗಳ ಸಾಲು ಕರಗಿಸಿ ಆಗತಾನೇ ಊಟದ ಡಬ್ಬಿ ಬಿಚ್ಚಿದ್ದೆ. ಜೀಪಿನೊಳಗೆ ಗೋಣಿಚೀಲದ ಮೇಲೆ ಮಲಗಿಸಿದ್ದ ಮನುಷ್ಯ ಹಣೆಯಿಂದ ತೊಡೆಯ ತನಕ ಕಡುಗೆಂಪಾಗಿದ್ದ. ರಕ್ತ ಎಂದುಕೊಂಡೆ. ಆದರೆ ಅಷ್ಟು ರಕ್ತ ಹೋದವನಿಗೆ ನರಳುವ ಶಕ್ತಿ ಇರುವುದಿಲ್ಲ. ಇವನು ಒಂದೇ ಸಮ ನರಳುತ್ತಿದ್ದ. ಕೈಗವಸು ಹಾಕಿಕೊಂಡು ಮುಟ್ಟಿದೆ. ಬೆರಳು ಅಂಟಿಕೊಂಡಿತು.

"ಚೊಗರು ಮೇಡಂ," ಅಂದರು ಸಬ್ ಇನ್‌ಸ್ಪೆಕ್ಟರ್. "ಕಳ್ಳ. ಹಾಡಹಗಲೇ ಮನೆಗೆ ನುಗ್ಗಿದ್ದ. ಮನೆ ಹೆಂಗಸು ಕುದಿಯೋದನ್ನೇ ತೆಗೆದು ಎರಚಿದ್ಲು. ಗಂಡೆದೆ ನೋಡಿ."

ಅಡಿಕೆ ಬೇಯಿಸಿ ತೆಗೆದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರೇ ಚೊಗರು. ಸುಗ್ಗಿ ಮುಗಿಯುವ ಹೊತ್ತಿಗೆ ಅದನ್ನು ಮತ್ತೆ ಕುದಿಸಿ ಕುದಿಸಿ ಪಾಕದ ಹದಕ್ಕೆ ತರುತ್ತಾರೆ, ಮುಂದಿನ ವರ್ಷದ ಅಡಿಕೆಗೆ ಬಣ್ಣ ಕಟ್ಟಲು. ಬಿಸಿನೀರು ಮೈಮೇಲೆ ಬಿದ್ದರೆ ಅರ್ಧಕ್ಕರ್ಧ ಜಾರಿ ಹೋಗುತ್ತದೆ. ಹದಕ್ಕೆ ಬಂದ ಚೊಗರು ಜಾರುವುದಿಲ್ಲ, ಹಿಡಿದುಕೊಂಡು ಬೇಯಿಸುತ್ತದೆ.

ಇದು ಯಾವ ಊರಿನ ಆಸ್ಪತ್ರೆ ಎಂದು ನಾನು ಹೇಳುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನೊಳಗೆ ಎಲ್ಲೋ ಒಂದು ಎಂದರೆ ಸಾಕು. ಈ ಕಡೆಯವರಿಗೆ ಹೇಗೂ ಗೊತ್ತಾಗುತ್ತದೆ. ಗೊತ್ತಾದವರಲ್ಲಿ ಅರ್ಧ ಜನ ಆಗಲೇ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಸ್ಟ್ರೆಚರ್ ತಳ್ಳುತ್ತಾ ಸಬ್ ಇನ್‌ಸ್ಪೆಕ್ಟರ್ ನಡೆದದ್ದನ್ನು ಹೇಳಿದರು. ಬೈಕಿನಲ್ಲಿ ಇಬ್ಬರು ಬಂದಿದ್ದರಂತೆ, ಬೆಳ್ಳಿ ಬಂಗಾರಕ್ಕೆ ಪಾಲಿಶ್ ಹಾಕುತ್ತೇವೆ ಎಂದು. ಮನೆಯ ಗಂಡಸರು ಪೇಟೆಗೆ ಹೋಗಿದ್ದರು. ಅಡಿಕೆ ಸುಲಿಯುವ ಹೆಂಗಸರು ಹಿಂದಿನ ಚಪ್ಪರದಲ್ಲಿದ್ದರು. ಜಗಲಿಗೆ ಬಂದ ಸೊಸೆ ಏಳು ತಿಂಗಳ ಬಸುರಿ. ಇವನು ಅವಳನ್ನು ಅಂಗಳಕ್ಕೆ ಎಳೆದು, ಪಕ್ಕದಲ್ಲಿ ನಿಂತು ಕುತ್ತಿಗೆಗೆ ಚಾಕು ಹಿಡಿದು ಕರಿಮಣಿ ಸರಕ್ಕೆ ಕೈ ಹಾಕಿದ. ಅಂಗಳದ ಒಲೆಯ ಹತ್ತಿರ ಅತ್ತೆ ಚೊಗರು ಕಾಯಿಸುತ್ತಿದ್ದಳು. ಉದ್ದ ಹಿಡಿಯ ಸೌಟಿನಲ್ಲಿ ಮೊಗೆದು ಅವನ ಮುಖಕ್ಕೆ ಬೀಸಿದಳು. ಚಾಕು ಬಿತ್ತು, ಅವನೂ ಬಿದ್ದ. ಬೈಕಿನಲ್ಲಿದ್ದವನು ಪರಾರಿ. ಕೂಗು ಕೇಳಿ ಅಕ್ಕಪಕ್ಕದ ಗಂಡಸರು ಬಂದು ಇವನ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಾಕಿದರು.

ಸುಳ್ಳು ಹೇಳುವುದಿಲ್ಲ, ಕೇಳಿ ನನಗೆ ಖುಷಿಯಾಯಿತು. ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುವವಳು ನಾನು. ಮಂಚದ ಕೆಳಗೆ ಒಂದು ಕತ್ತಿ ಇಟ್ಟುಕೊಂಡೇ ಮಲಗುವುದು. ಆ ಹೆಂಗಸಿನ ಕೈಗೆ ಒಂದು ಸಲ ಮುಗಿಯಬೇಕು ಅನ್ನಿಸಿತು.

"ಎಷ್ಟು ಹೊತ್ತಿಗೆ ಆಗಿದ್ದು?" ಎಂದೆ.

"ಹನ್ನೆರಡೂವರೆ ಅಂತಾರೆ."

"ಠಾಣೆಗೆ ಫೋನ್ ಬಂದದ್ದು?"

"ಒಂದೂಕಾಲು."

"ಮುಕ್ಕಾಲು ಗಂಟೆ ಎಲ್ಲರೂ ಏನು ಮಾಡ್ತಿದ್ರು?"

"ಗಾಬರಿ ಇರತ್ತಲ್ಲ ಮೇಡಂ," ಎಂದು ಅವರು ಬೇರೆ ಕಡೆ ನೋಡಿದರು.

ಡ್ರೆಸ್ಸಿಂಗ್ ಕೋಣೆಯಲ್ಲಿ ಸಿಸ್ಟರ್ ಮತ್ತು ನಾನು ಸಲೈನಿನಲ್ಲಿ ತೊಳೆಯಲು ಶುರು ಮಾಡಿದೆವು. ಸಿಸ್ಟರ್ ಇಪ್ಪತ್ತು ವರ್ಷದ ಅನುಭವಸ್ಥೆ, ಕೈ ಮೃದು, ಬಾಯಿ ಮಾತ್ರ ಹರಿತ. "ಮಾಡಿದ್ದುಣ್ಣೋ ಮಹಾರಾಯ," ಎನ್ನುತ್ತಲೇ ಅವನ ತಲೆಯ ಕೆಳಗೆ ಬಟ್ಟೆ ಮಡಚಿ ಇಟ್ಟರು. ಕೈಗಳ ಚರ್ಮ ಸುಟ್ಟಿದ್ದರಿಂದ ಡ್ರಿಪ್ಪಿಗೆ ರಕ್ತನಾಳ ಸಿಗಲಿಲ್ಲ. ಪಾದದಲ್ಲಿ ಹುಡುಕಿ ಎರಡನೇ ಚುಚ್ಚಿಗೆ ಹಿಡಿದೆವು. ಅರವತ್ತು ಕೆಜಿ ಆಸಾಮಿ, ಸುಟ್ಟದ್ದು ಹತ್ತಿರ ಹತ್ತಿರ ನೂರಕ್ಕೆ ನಲವತ್ತೈದು. ದಿನದೊಳಗೆ ಹತ್ತು ಲೀಟರಿಗೂ ಮೀರಿ ಹನಿಸಬೇಕು, ಅದರಲ್ಲಿ ಅರ್ಧ ಮೊದಲ ಎಂಟು ಗಂಟೆಯಲ್ಲಿ. ನಮ್ಮಲ್ಲಿ ಅವನನ್ನು ಇಟ್ಟುಕೊಳ್ಳುವ ಸೌಕರ್ಯ ಇಲ್ಲ. ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಆಂಬುಲೆನ್ಸ್ ಮಧ್ಯಾಹ್ನವೇ ಒಂದು ಹೆರಿಗೆ ಕೇಸು ಒಯ್ದಿತ್ತು, ವಾಪಸು ಬರುವಾಗ ಐದಾಗುತ್ತದೆ ಎಂದ ಡ್ರೈವರ್ ಫೋನಿನಲ್ಲಿ.

ಸುಟ್ಟ ಗಾಯದ ಆಳ ತಿಳಿಯುವುದು ಬಣ್ಣದಿಂದ. ಒತ್ತಿದರೆ ಬಿಳಿಚಿಕೊಂಡು ಬಿಟ್ಟರೆ ಕೆಂಪಾಗುವ ಚರ್ಮ ಬದುಕಿದೆ ಎಂದರ್ಥ. ಚೊಗರು ಈ ಲೆಕ್ಕವನ್ನೇ ಕೆಡಿಸಿಬಿಟ್ಟಿತ್ತು. ಬಟ್ಟೆಗೆ ಹತ್ತಿದರೆ ಹೋಗದ ಬಣ್ಣ ಮೈಗೆ ಹತ್ತಿದರೆ ಹೋಗುತ್ತದೆಯೇ? ಉಳಿದದ್ದು ಸೂಜಿಯ ಪರೀಕ್ಷೆ ಒಂದೇ. ಚುಚ್ಚಿದಲ್ಲಿ ನೋವಾದರೆ ಮೇಲುಗಾಯ, ಗೊತ್ತಾಗದಿದ್ದರೆ ಆಳದ ಗಾಯ. ಅಂಗುಲ ಅಂಗುಲಕ್ಕೂ ಚುಚ್ಚುತ್ತಾ ಹೋದೆ. ಅವನು ಕೂಗಿದ ಕಡೆಯೆಲ್ಲ ಮೈಯ ನಕ್ಷೆಯ ಹಾಳೆಯಲ್ಲಿ ಗೀಟು, ಕೂಗದ ಕಡೆ ಅಡ್ಡಗೀಟು.

"ಇದು ರಕ್ತನಾ?" ಎಂದು ಒಮ್ಮೆ ಕೇಳಿದ. ಅದೇ ಅವನ ಮೊದಲ ಮಾತು.

"ಅಲ್ಲ, ಚೊಗರು. ಕಾಣ್ತಿದೆಯಾ ನಿಂಗೆ?"

"ಇಲ್ಲ. ಅಂಟ್ತಾ ಇದೆ, ಅದ್ಕೇ ಕೇಳ್ದೆ."

ಎರಡೂ ಕಣ್ಣಿನ ರೆಪ್ಪೆ ಊದಿ ಮುಚ್ಚಿಹೋಗಿದ್ದವು. ಅದನ್ನೂ ಬರೆದೆ.

ನಕ್ಷೆ ಅರ್ಧವಾಗುವಾಗಲೇ ನನ್ನ ಖುಷಿ ಇಳಿಯತೊಡಗಿತು. ಮುಖ, ಕುತ್ತಿಗೆ, ಎದೆಯ ಗಾಯಗಳು ಚೆಲ್ಲಾಪಿಲ್ಲಿ, ಹನಿಹನಿ, ಗೆರೆಗೆರೆ. ನಿಂತಿದ್ದವನಿಗೆ ಎದುರಿನಿಂದ ಎರಚಿದ್ದು. ಸರಿ. ಎದೆಯಿಂದ ಕೆಳಗೆ ಕತೆಯೇ ಬೇರೆ. ಎಡಪಕ್ಕೆ, ಸೊಂಟ, ಹಿಂಭಾಗ, ಎರಡೂ ಮುಂಗೈ, ಒಂದೇ ದೊಡ್ಡ ಗಾಯ. ಹನಿ ಎಂಬುದೇ ಇಲ್ಲ. ಹರಿದ ದಿಕ್ಕು ನೋಡಿದರೆ ಪಕ್ಕೆಯಿಂದ ಬೆನ್ನಿಗೆ. ನಿಂತವನ ಮೈಮೇಲೆ ಯಾವುದೂ ಹಾಗೆ ಅಡ್ಡಡ್ಡ ಹರಿಯುವುದಿಲ್ಲ. ಬಲಮಗ್ಗುಲಿಗೆ ಮಲಗಿದ್ದವನ ಮೇಲೆ, ಸಾವಧಾನವಾಗಿ, ಮೇಲಿನಿಂದ ಹೊಯ್ದದ್ದು.

ಆಮೇಲೆ ಮಣಿಕಟ್ಟು ನೋಡಿದೆ. ಎರಡೂ ಮಣಿಕಟ್ಟಿನ ಸುತ್ತ ಎರಡು ಬೆರಳಗಲದ ಪಟ್ಟಿ ಸುಡದೆ ಉಳಿದಿತ್ತು. ಮೇಲೂ ಬೆಂದಿದೆ, ಕೆಳಗೂ ಬೆಂದಿದೆ, ನಡುವೆ ಚರ್ಮ ಹಾಗೇ ಇದೆ, ಅದರ ಮೇಲೆ ಹುರಿಹಗ್ಗದ ಅಚ್ಚು. ಹಗ್ಗ ಅಷ್ಟು ಜಾಗವನ್ನು ಕಾಪಾಡಿತ್ತು.

ಸಿಸ್ಟರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಕೈ ಕಟ್ಟಿದ ಮೇಲೆ ಇನ್ನೊಂದು ಸಲ ಹಾಕಿದ್ದಾರೆ ಎಂದು ಇಬ್ಬರಿಗೂ ತಿಳಿಯಿತು. ನಾನು ರಿಜಿಸ್ಟರಿನಲ್ಲಿ ಒಂದು ಸಾಲು ಬರೆದೆ. ಫೋಟೊ ತೆಗೆಯಬೇಕಿತ್ತು. ತೆಗೆಯಲಿಲ್ಲ. ಮೊಬೈಲು ಊಟದ ಡಬ್ಬಿಯ ಪಕ್ಕದಲ್ಲಿತ್ತು, ನನ್ನ ಕೈಯೆಲ್ಲ ಚೊಗರಾಗಿತ್ತು, ಅಷ್ಟೇ ಕಾರಣ.

ಮೂರು ಗಂಟೆಗೆ ಆ ಹೆಂಗಸೇ ಬಂದಳು. ಐವತ್ತರ ಆಸುಪಾಸು, ಗಟ್ಟಿಮುಟ್ಟು, ಸೀರೆ ಎತ್ತಿ ಕಟ್ಟಿದ್ದಳು. ಬಲಗೈಯ ಬೆರಳುಗಳ ಮೇಲೆ ಚೊಗರು ಸಿಡಿದು ಬೊಬ್ಬೆ ಎದ್ದಿತ್ತು. ಜೊತೆಗೆ ಒಂದು ಪಿಕಪ್ ತುಂಬ ಜನ. ಹೊರಗೆ ಕೂತ ರೋಗಿಗಳೆಲ್ಲ ಎದ್ದು ದಾರಿ ಬಿಟ್ಟರು. ಒಬ್ಬ ಮುದುಕ ಬಗ್ಗಿ ಅವಳ ಕಾಲು ಮುಟ್ಟಲು ಹೋದ. ನಮ್ಮಂಥ ಆಸ್ಪತ್ರೆಯಲ್ಲಿ ಹೊಡೆದವರೂ ಹೊಡೆಸಿಕೊಂಡವರೂ ಒಂದೇ ಗೋಡೆಯ ಆಚೆ ಈಚೆ ಇರುತ್ತಾರೆ. ಅವನು ನರಳುವುದು ಅವಳಿಗೆ ಕೇಳಿಸುತ್ತಿತ್ತು. ಅವಳು ಆ ಕಡೆ ತಿರುಗಲಿಲ್ಲ.

ಬೆರಳಿಗೆ ಮುಲಾಮು ಹಚ್ಚುತ್ತಾ, "ಹೇಗಾಯ್ತಮ್ಮ?" ಎಂದೆ.

"ಎಂತ ಹೇಳದು ಡಾಕ್ಟ್ರಮ್ಮ. ಸೊಸೆ ಕುತ್ತಿಗೆಗೆ ಚಾಕು ಕಂಡಿದ್ದೇ ಕಂಡಿದ್ದು. ಕೈ ತನ್ನಷ್ಟಕ್ಕೇ ಹೋಯ್ತು. ಅವ್ನು ಬಿದ್ದ, ಇವ್ರು ಬಂದು ಕಟ್ಟಿ ಹಾಕಿದ್ರು. ನಾನು ಹೋಗಿ ಮತ್ತೆ ಚೊಗರು ತಿರುವ್ತಾ ಕೂತೆ."

"ಚೊಗರು ತಿರುವ್ತಾ?"

"ಮತ್ತೆ? ಹದಕ್ಕೆ ಬಂದಿತ್ತಲ್ಲ. ಬಿಟ್ರೆ ಅಡಿ ಹಿಡೀತದೆ. ಅಡಿ ಹಿಡಿದ್ರೆ ವರ್ಷದ ಚೊಗರು ಹಾಳಾಯ್ತು ಅಂತ ಲೆಕ್ಕ."

ಅವಳು ಇದನ್ನು ಯಾವ ಅಳುಕೂ ಇಲ್ಲದೆ ಹೇಳಿದಳು. ಒಲೆ ಮೇಲೆ ಹದಕ್ಕೆ ಬಂದ ಚೊಗರು ಬಿಟ್ಟು ಏಳುವ ಹೆಂಗಸು ಈ ಸೀಮೆಯಲ್ಲಿ ಇಲ್ಲ. ಮನೆಗೆ ಕಳ್ಳ ನುಗ್ಗಲಿ, ಸೊಸೆಗೆ ನೋವು ಬರಲಿ, ಸೌಟು ಆಡುತ್ತಿರಬೇಕು. ತಾನು ಅಚ್ಚುಕಟ್ಟಿನ ಹೆಂಗಸು ಎಂದು ಹೇಳಿಕೊಳ್ಳಲು ಹೋಗಿ, ಭಯವೆಲ್ಲ ಮುಗಿದಿತ್ತು ಎಂಬುದನ್ನು ಅವಳೇ ಹೇಳಿಬಿಟ್ಟಿದ್ದಳು. ಅದು ಅವಳಿಗೆ ಗೊತ್ತಿರಲಿಲ್ಲ.

"ಆಮೇಲೆ?"

"ಆಮೇಲೆ ಎಂತ? ನೀರು ನೀರು ಅಂತ ಒಂದೇ ಸಮ ಬೊಬ್ಬೆ ಹೊಡೀತಿದ್ದ. ಅವನ ಸ್ವರ ಕೇಳಿದಾಗೆಲ್ಲ ಸೊಸೆ ಒಳಗೆ ಬೆಚ್ಚಿ ಬೀಳ್ತಿತ್ತು. ಹೊಟ್ಟೆ ಹಿಡ್ಕಂಡು ಕೂತಿತ್ತು ಅದು. ಬಾಯಿ ಮುಚ್ಚು ಅಂದೆ ಅವಂಗೆ. ಮುಚ್ಚಲಿಲ್ಲ."

ಬಾಗಿಲಲ್ಲಿ ಸಬ್ ಇನ್‌ಸ್ಪೆಕ್ಟರ್ ಕೆಮ್ಮಿದರು. ಅವಳ ಬಾಯಿ ಥಟ್ಟನೆ ಮುಚ್ಚಿತು. ಆಮೇಲೆ ನಾನು ಕೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿದಳು.

ಅವಳನ್ನು ಹೊರಗೆ ಕಳಿಸಿ ಅವರು ನನ್ನ ಮೇಜಿನ ಎದುರು ಕೂತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯ ಅಧಿಕಾರಿ. ಕೆಟ್ಟವರಲ್ಲ.

"ಮೇಡಂ, ಕಾನೂನು ಸೀದಾ ಇದೆ," ಎಂದರು. "ಕುತ್ತಿಗೆ ಮೇಲೆ ಚಾಕು ಇರೋ ತನಕ ಆ ಹೆಂಗಸು ಅವನನ್ನ ಕೊಂದಿದ್ರೂ ಯಾರೂ ಕೇಳೋ ಹಾಗಿಲ್ಲ. ಆತ್ಮರಕ್ಷಣೆ. ಚಾಕು ಬಿತ್ತು, ಕೈ ಕಟ್ಟಿದ್ರು, ಅಲ್ಲಿಗೆ ಆ ಹಕ್ಕು ಮುಗೀತು. ಆಮೇಲೆ ಒಂದು ಚಮಚ ಹಾಕಿದ್ರೂ ಅದು ಬೇರೆ ಕೇಸು. ಇವನು ಉಳಿಯೋ ಹಾಗೆ ಕಾಣಲ್ಲ. ಸತ್ರೆ ಕೊಲೆ ಆಗತ್ತೆ. ನೀವು ಒಂದು ಸಲ ಎರಚಿದ ಗಾಯ ಅಂತ ಬರೆದ್ರೆ ಒಂದು ಸಂಸಾರ ಉಳೀತದೆ."

"ಆಗಲೇ ಬರೆದಾಯ್ತು."

ಅವರು ಮೇಜಿನ ಮೇಲಿದ್ದ ಟೋಪಿ ಎತ್ತಿಕೊಂಡರು. "ಮರಣಪೂರ್ವ ಹೇಳಿಕೆ ತಗೊಳ್ಳೋಕೆ ತಹಶೀಲ್ದಾರರಿಗೆ ಹೇಳಿದ್ದೀನಿ, ಹೇಳ್ಲೇಬೇಕು. ನಮ್ಮವರು ರಜೆ. ಪ್ರಭಾರ ಇರೋರು ಸಿಗಂದೂರಿನ ಕಡೆ ಬಂದೋಬಸ್ತಲ್ಲಿದಾರೆ, ಬರೋದು ಐದಾಗತ್ತೆ." ಎದ್ದು ನಿಂತು, ದನಿ ತಗ್ಗಿಸಿ, "ಪಾಪ, ಬಹಳ ಒದ್ದಾಡ್ತಿದಾನೆ. ಒಳ್ಳೇ ಇಂಜೆಕ್ಷನ್ ಕೊಟ್ಟು ಮಲಗಿಸಿ ಬಿಡಿ ಮೇಡಂ," ಎಂದರು.

ಆ 'ಪಾಪ' ಎಂಬ ಮಾತು ನನಗೆ ಕೆಂಡದಂತೆ ತಾಗಿತು. ಗೋಣಿಚೀಲದ ಮೇಲೆ ಹೆಣದ ಹಾಗೆ ಹೇರಿ ತರುವಾಗ ಇಲ್ಲದ ಪಾಪ ಈಗ ಬಂದಿದೆ. ಹತ್ತು ನಿಮಿಷದಲ್ಲಿ ಪಿಕಪ್‌ನಲ್ಲಿ ಬಂದ ಹಿರಿಯರೊಬ್ಬರು ಅದನ್ನೇ ಹೇಳಿದರು. ಪಂಚಾಯ್ತಿ ಸದಸ್ಯರು ಫೋನ್ ಮಾಡಿ ಅದನ್ನೇ ಹೇಳಿದರು. ಎಲ್ಲರಿಗೂ ಒಮ್ಮೆಲೇ ಕಳ್ಳನ ಮೇಲೆ ಕರುಣೆ ಉಕ್ಕಿತ್ತು. ಇಂಜೆಕ್ಷನ್ ಕೊಟ್ಟರೆ ಮಂಪರು, ಮಂಪರು ಬಂದರೆ ನಾನು 'ಹೇಳಿಕೆ ಕೊಡಲು ಶಕ್ತ' ಎಂದು ಸಹಿ ಹಾಕುವಂತಿಲ್ಲ, ಸಹಿ ಇಲ್ಲದಿದ್ದರೆ ಹೇಳಿಕೆ ಇಲ್ಲ.

ಮೊದಲು ಒಮ್ಮೆ ಹೀಗಾಗಿತ್ತು. ಸೀಮೆಎಣ್ಣೆಯಲ್ಲಿ ಸುಟ್ಟ ಒಬ್ಬ ಹೆಂಗಸಿಗೆ ನೋವಿನ ಇಂಜೆಕ್ಷನ್ ಕೊಟ್ಟ ಮೇಲೆ ಹೇಳಿಕೆ ಆಯಿತು. ಗಂಡನ ಹೆಸರು ಹೇಳಿದ್ದಳು. ಔಷಧಿಯ ಅಮಲಿನಲ್ಲಿ ಹೇಳಿದ್ದು ಎಂದು ವಕೀಲರು ಆ ಹೇಳಿಕೆಯನ್ನು ಚಿಂದಿ ಮಾಡಿದರು. ಗಂಡ ನ್ಯಾಯಾಲಯದ ಮೆಟ್ಟಿಲಲ್ಲಿ ನನ್ನ ಕಡೆ ನೋಡಿ ನಕ್ಕ. ಆ ನಗು ನನ್ನ ತಲೆಯೊಳಗೆ ಕೂತಿತ್ತು. ಇನ್ನೊಬ್ಬರ ಮಾತು ನನ್ನ ಸೂಜಿಯಿಂದ ಹಾಳಾಗಬಾರದು ಎಂದು ಅವತ್ತೇ ತೀರ್ಮಾನ ಮಾಡಿಕೊಂಡಿದ್ದೆ.

ಗಂಟೆ ಮೂರು ಇಪ್ಪತ್ತು. ಸಿಸ್ಟರ್ ಸ್ಟೀಲ್ ತಟ್ಟೆಯಲ್ಲಿ ಇಂಜೆಕ್ಷನ್ ತುಂಬಿಸಿ ಇಟ್ಟಿದ್ದರು. ನಾನು ಅವನ ತಲೆಯ ಬಳಿ ಸ್ಟೂಲ್ ಎಳೆದುಕೊಂಡು ಕೂತೆ.

"ಕೇಳಿಸ್ತಿದೆಯಾ? ನಾನು ಡಾಕ್ಟ್ರು. ನೋವಿಗೆ ಇಂಜೆಕ್ಷನ್ ಇದೆ. ಕೊಟ್ರೆ ಮಂಪರು ಬರತ್ತೆ. ತಹಶೀಲ್ದಾರ್ ಬರ್ತಿದಾರೆ, ನಿಂಗೆ ಏನಾಯ್ತು ಅಂತ ಬರ್ಕೊಳ್ಳೋಕೆ. ಹೇಳಿ ಆದ ತಕ್ಷಣ ಕೊಡ್ತೀನಿ. ಏನು ಮಾಡ್ಲಿ?"

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಈಗ್ಲೇ ಕೊಡಿ."

"ಹೇಳಿಕೆ ಬೇಡ್ವಾ? ನಿನ್ನ ಕೈ ಕಟ್ಟಿ ಹಾಕಿದ್ದಾರೆ. ಅದನ್ನ ಹೇಳೋರು ನೀನು ಬಿಟ್ರೆ ಯಾರೂ ಇಲ್ಲ."

"ಎಂತದೂ ಬೇಡ ಡಾಕ್ಟ್ರೇ. ಸೂಜಿ ಕೊಡಿ."

ನಾನು ತಟ್ಟೆಯನ್ನು ಎತ್ತಿ ಕಪಾಟಿನ ಮೇಲಿಟ್ಟೆ.

"ಸ್ವಲ್ಪ ತಡಿ," ಎಂದೆ.

ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಬುದ್ಧಿ ಮಂಕಾಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಾವ ವಕೀಲನಿಗೂ ಒಂದು ಎಳೆಯೂ ಸಿಗಬಾರದು ಎಂಬ ಹಟ. ಅವನ ಪರವಾಗಿ ಮಾಡುತ್ತಿದ್ದೇನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹೊರಗೆ ಕೂತಿದ್ದ ಜನರ ಮೇಲಿನ ಸಿಟ್ಟಿಗೆ ಮಾಡಿದೆ. ಅವರು ಬಾಯಿ ಮುಚ್ಚಿಸಿದವನನ್ನು ನಾನು ಮಾತಾಡಿಸಿಯೇ ತೀರುತ್ತೇನೆ ಎಂಬ ಹಟಕ್ಕೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಆ ಒಂದು ಗಂಟೆ ನಲವತ್ತು ನಿಮಿಷ ನಾನು ಸ್ಟೂಲ್ ಬಿಟ್ಟು ಏಳಲಿಲ್ಲ. ಹನಿ ಎಣಿಸಿದೆ, ಮೂತ್ರದ ಪ್ರಮಾಣ ಬರೆದೆ, ಹದಿನೈದು ನಿಮಿಷಕ್ಕೊಮ್ಮೆ ನಾಡಿ ನೋಡಿದೆ. ಕೆಲಸವೆಲ್ಲ ಪುಸ್ತಕದಲ್ಲಿ ಇದ್ದ ಹಾಗೆ. ಹತ್ತಿ ಒದ್ದೆ ಮಾಡಿ ಅವನ ತುಟಿಗೆ ಒತ್ತುತ್ತಿದ್ದೆ. ಮೇಲಿನ ಗಾಯಗಳಿಗೆ ಗಾಳಿ ತಾಗಿದರೂ ಆಗುತ್ತಿರಲಿಲ್ಲ, ಫ್ಯಾನ್ ನಿಲ್ಲಿಸಿದೆವು. ಬಾಗಿಲು ತೆರೆದಾಗೆಲ್ಲ ಅವನು ಹಲ್ಲು ಕಚ್ಚುತ್ತಿದ್ದ. "ಸೂಜಿ," ಎನ್ನುತ್ತಿದ್ದ. "ಬಂದ್ರಾ?" ಎನ್ನುತ್ತಿದ್ದ. "ಈಗ ಬರ್ತಾರೆ," ಎನ್ನುತ್ತಿದ್ದೆ. ನಡುವೆ ಸ್ವಲ್ಪ ಸುಮ್ಮನಾದಾಗ ಊರು ಯಾವುದು ಎಂದು ಕೇಳಿದೆ. ಕಾರ್ಗಲ್ ಕಡೆ ಎಂದ. ಮದುವೆಯಾಗಿದೆಯಾ ಎಂದೆ. ಅವನು ಮತ್ತೆ ಸೂಜಿ ಕೇಳಿದ.

ನಾಲ್ಕು ಗಂಟೆಗೆ ಸಿಸ್ಟರ್ ಬಂದು ಕಪಾಟಿನ ಮೇಲಿನ ತಟ್ಟೆ ನೋಡಿದರು. "ಕೊಟ್ಟಿಲ್ವಾ?" ಎಂದರು.

"ಹೇಳಿಕೆ ಆಗ್ಲಿ."

"ಕಳ್ಳನೇ ಇರ್ಬೋದು ಮೇಡಂ," ಎಂದರು ಸಿಸ್ಟರ್. "ನಾಯಿಗೂ ಹೀಗೆ ಮಾಡಬಾರ್ದು."

ಅವರಿಂದ ಆ ಮಾತು ಬಂದೀತು ಎಂದು ನಾನು ಎಣಿಸಿರಲಿಲ್ಲ. ರೇಗಿ ಅವರನ್ನು ಹೊರಗೆ ಕಳಿಸಿದೆ.

ಐದು ಗಂಟೆಗೆ ತಹಶೀಲ್ದಾರರು ಬಂದರು. ದಾರಿಯ ಧೂಳು ಮೈಮೇಲೆ, ಕೈಯಲ್ಲಿ ಬಿಳಿ ಹಾಳೆ. ಪದ್ಧತಿಯಂತೆ ಪೊಲೀಸರನ್ನೂ ಉಳಿದವರನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಿದೆವು. ನಾನು ಅವನ ಹೆಸರು, ದಿನ, ಇರುವ ಜಾಗ ಕೇಳಿದೆ. ಮೂರಕ್ಕೂ ಸರಿಯಾಗಿ ಹೇಳಿದ. ರೋಗಿಗೆ ಪ್ರಜ್ಞೆ ಇದೆ, ಹೇಳಿಕೆ ಕೊಡಲು ಶಕ್ತನಾಗಿದ್ದಾನೆ ಎಂದು ಬರೆದು ಸಹಿ ಹಾಕಿ ಸಮಯ ನಮೂದಿಸಿದೆ.

"ಏನಾಯಿತು ಹೇಳು," ಎಂದರು ತಹಶೀಲ್ದಾರರು.

"ಸರ ಎಳ್ದೆ. ಚಾಕು ಹಿಡ್ದಿದ್ದೆ. ಆಯಮ್ಮ ಎರಚಿದ್ಲು."

"ಆಮೇಲೆ?"

"ಕೈ ಕಟ್ಟಿದ್ರು. ನೀರು ಕೇಳ್ದೆ. ಸುಮಾರು ಸಲ ಕೇಳ್ದೆ. ಆಮೇಲೆ ಅದ್ನೇ ತಂದು ಸೊಂಟದ ಮೇಲೆ ಹೊಯ್ದ್ರು."

"ಯಾರು ಹೊಯ್ದರು?"

"ಗೊತ್ತಿಲ್ಲ. ಕಣ್ಣು ಬಿಡಕ್ಕೆ ಆಗ್ತಿರ್ಲಿಲ್ಲ."

ತಹಶೀಲ್ದಾರರ ಪೆನ್ನು ನಿಂತಿತು. ಕಣ್ಣು ಮುಚ್ಚಿಹೋಗಿದೆ ಎಂದು ನಾನೇ ಬರೆದದ್ದು. ಎರಡೂಮುಕ್ಕಾಲಿಗೆ, ನನ್ನದೇ ಕೈಬರಹದಲ್ಲಿ. ಮೊದಲ ಎರಚಿಗೇ ಕಣ್ಣು ಹೋದವನು ಎರಡನೆಯದನ್ನು ಹೊಯ್ದವರನ್ನು ಹೇಗೆ ನೋಡಿಯಾನು? ಅವನನ್ನು ಇಷ್ಟು ಹೊತ್ತು ಕಾಯಿಸಿದ್ದು ಒಂದು ಹೆಸರಿಗೆ. ಆ ಹೆಸರು ಅವನ ಹತ್ತಿರ ಇರಲು ಸಾಧ್ಯವೇ ಇರಲಿಲ್ಲ.

"ಸ್ವರ? ಗಂಡಸಾ, ಹೆಂಗಸಾ?"

"ತುಂಬಾ ಜನ ಮಾತಾಡ್ತಿದ್ರು." ಸ್ವಲ್ಪ ಉಸಿರು ತೆಗೆದುಕೊಂಡ. "ಮೊದ್ಲನೇದಕ್ಕೆ ನಾನು ಎಂತದೂ ಹೇಳಲ್ಲ ಸಾರ್. ಅದು ನಂದೇ ತಪ್ಪು. ಎರಡ್ನೇದು ಯಾಕೆ ಹಾಕಿದ್ರು ಅಂತ ಒಂದು ಕೇಳಿ." ಆಮೇಲೆ ತಲೆಯನ್ನು ನನ್ನ ಸ್ವರ ಇದ್ದ ಕಡೆ ತಿರುಗಿಸಿ, "ಹೇಳಿ ಆಯ್ತಲ್ಲ ಡಾಕ್ಟ್ರೇ. ಈಗ ಕೊಡ್ತೀರಾ?" ಎಂದ.

ಬೆರಳುಗಳೆಲ್ಲ ಬೆಂದಿದ್ದರಿಂದ ಎಡಗಾಲಿನ ಹೆಬ್ಬೆರಳಿನ ಗುರುತು ತೆಗೆದುಕೊಂಡರು. ನಾನು ತಟ್ಟೆ ಇಳಿಸಿ ಇಂಜೆಕ್ಷನ್ ಕೊಟ್ಟೆ. ಎಂಟು ನಿಮಿಷಕ್ಕೆ ಅವನ ದವಡೆ ಸಡಿಲವಾಯಿತು. ಅಷ್ಟು ಸುಲಭದ ಕೆಲಸ. ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಮಂಡಗದ್ದೆ ದಾಟುವ ತನಕ ಎಚ್ಚರವಿದ್ದ ಎಂದು ಜೊತೆಗೆ ಹೋದವರು ಆಮೇಲೆ ಹೇಳಿದರು. ನಾಲ್ಕನೇ ದಿನ ಜಿಲ್ಲಾ ಕೇಂದ್ರದಲ್ಲಿ ತೀರಿಹೋದ. ಅಷ್ಟರೊಳಗೆ ಮೈಯೆಲ್ಲ ಬಾತು, ಕೀವಾಗಿ, ಸತ್ತ ಚರ್ಮ ಕತ್ತರಿಸಿ ತೆಗೆದು, ಮಣಿಕಟ್ಟಿನ ಆ ಪಟ್ಟಿ ಉಳಿದಿರಲಿಲ್ಲ. ಮರಣೋತ್ತರ ವರದಿಯಲ್ಲಿ ಅದರ ಸುದ್ದಿಯೇ ಇಲ್ಲ. ಲೋಕದಲ್ಲಿ ಅದು ಇದ್ದದ್ದು ನನ್ನ ರಿಜಿಸ್ಟರಿನ ಒಂದು ಸಾಲಿನಲ್ಲಿ ಮಾತ್ರ.

ನನ್ನ ಆ ಸಾಲಿನಿಂದಲೇ ಆ ಹೆಂಗಸಿನ ಮೇಲೆ ಕೇಸಾಯಿತು. ಚೊಗರು ತಿರುವುತ್ತಾ ಕೂತೆ ಎಂದು ಅವಳು ಹೇಳಿದ್ದನ್ನೂ ಬರೆದಿದ್ದೆ. ಊರು ನನ್ನ ಮೇಲೆ ಮುರಿದು ಬಿತ್ತು. ಹಾಲು ತರುವವಳು ಒಂದು ದಿನ ಹೇಳದೆ ನಿಲ್ಲಿಸಿದಳು. ಬಸುರಿಯ ಕುತ್ತಿಗೆಗೆ ಚಾಕು ಹಿಡಿದವನ ಪರ ನಿಂತ ಹೆಂಗಸು ನಾನು. ಆಗಲಿ ಎಂದುಕೊಂಡೆ. ಸತ್ಯ ನನ್ನ ಕಡೆ ಇದೆ ಎಂಬ ಬಿಗುಮಾನ ಇತ್ತು.

ಒಂದು ವರ್ಷದ ಮೇಲೆ ಸಾಕ್ಷಿ ಹೇಳಲು ಹೋದೆ. ಅವಳು ಆರೋಪಿಯ ಕಟಕಟೆಯಲ್ಲಿ ನಿಂತಿದ್ದಳು. ಬೆರಳಿನ ಚರ್ಮ ಸುಕ್ಕುಗಟ್ಟಿ ವಾಸಿಯಾಗಿತ್ತು. ಅವಳ ಪರ ವಕೀಲರು ವಯಸ್ಸಾದವರು, ಮೆತ್ತಗಿನ ಮಾತು. ಅವರು ಗಾಯದ ಬಗ್ಗೆ ಏನೂ ಕೇಳಲಿಲ್ಲ.

"ಡಾಕ್ಟ್ರೇ, ಮೂರು ಇಪ್ಪತ್ತಕ್ಕೆ ನೋವಿನ ಇಂಜೆಕ್ಷನ್ ಸಿದ್ಧವಾಗಿತ್ತು. ಹೌದಾ?"

"ಹೌದು."

"ಕೊಟ್ಟದ್ದು?"

"ಐದು ಗಂಟೆ ಹನ್ನೆರಡು ನಿಮಿಷಕ್ಕೆ."

"ರೋಗಿ ಬೇಡ ಅಂದಿದ್ದನಾ?"

"ಇಲ್ಲ. ಬೇಕು ಅಂದಿದ್ದ."

"ಹೇಳಿಕೆ ಕೊಟ್ಟರೆ ಇಂಜೆಕ್ಷನ್ ಸಿಗುತ್ತದೆ ಅಂತ ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾರು ಹೇಳಿದ್ದು?"

"ನಾನೇ."

"ಅವನ ಕೈ ಕಟ್ಟಿದ್ದರು, ಅದನ್ನು ಹೇಳಬೇಕು ಅಂತ?"

"ಅದನ್ನೂ ನಾನೇ ಹೇಳಿದ್ದೆ."

ವಕೀಲರು ನ್ಯಾಯಾಧೀಶರ ಕಡೆ ತಿರುಗಿದರು. "ಏನು ಹೇಳಬೇಕು ಅಂತಲೂ ಹೇಳಿಕೊಟ್ಟು, ಹೇಳಿದರೆ ಮಾತ್ರ ಔಷಧಿ ಅಂತ ಕಾಯಿಸಿ ತೆಗೆಸಿದ ಹೇಳಿಕೆ ಇದು. ಮಣಿಕಟ್ಟಿನ ಗುರುತನ್ನು ಕಂಡವರೂ ಇದೇ ಡಾಕ್ಟರು. ಫೋಟೊ ಇಲ್ಲ, ಮರಣೋತ್ತರ ವರದಿಯಲ್ಲಿ ಇಲ್ಲ. ಆರೋಪಿ ಚೊಗರು ತಿರುವಿದ್ದನ್ನು ಕೇಳಿಸಿಕೊಂಡವರೂ ಇವರೇ." ಆಮೇಲೆ ನನ್ನ ಕಡೆಗೆ ತಿರುಗಿ, ಬಹಳ ಮರ್ಯಾದೆಯಿಂದ, "ಅವತ್ತು ನೀವು ಡಾಕ್ಟರಾಗಿದ್ರಾ, ಪೊಲೀಸಾಗಿದ್ರಾ?" ಎಂದರು.

ಸಿಸ್ಟರ್ ಕೂಡ ಸಾಕ್ಷಿ ಹೇಳಿದರು. ಮಣಿಕಟ್ಟಿನ ಪಟ್ಟಿ ನೋಡಿದ ನೆನಪಿಲ್ಲ ಎಂದರು. ಇಂಜೆಕ್ಷನ್ನಿನ ತಟ್ಟೆ ಕಪಾಟಿನ ಮೇಲೆ ಇದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ ಎಂದರು.

ತೀರ್ಪು ಬಂದ ದಿನ ನನ್ನನ್ನು ಯಾರೂ ಕರೆದಿರಲಿಲ್ಲ. ನಾನಾಗಿಯೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಪ್ರಾಣಭಯದಲ್ಲಿ ಇದ್ದವರ ವರ್ತನೆಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಲಾಗದು, ಎರಡನೇ ಸಲ ಹೊಯ್ದರು ಎಂಬುದು ಸಂಶಯಾತೀತವಾಗಿ ಸಾಬೀತಾಗಿಲ್ಲ, ವೈದ್ಯೆಯ ಸಾಕ್ಷ್ಯ ನಿಷ್ಪಕ್ಷಪಾತವಾದದ್ದೆಂದು ನಂಬಲಾಗದು. ಬಿಡುಗಡೆ. ಕೇಳಿದವರು ಚಪ್ಪಾಳೆ ತಟ್ಟಲು ಹೋಗಿ ಪೇದೆಯ ಕಣ್ಣು ನೋಡಿ ನಿಲ್ಲಿಸಿದರು. ನನಗೆ ನ್ಯಾಯಾಧೀಶರ ಮೇಲೆ ಸಿಟ್ಟು ಬರಲಿಲ್ಲ. ಅವರ ಮುಂದೆ ಇದ್ದ ಕಾಗದಗಳಲ್ಲಿ ನಾನಾದರೂ ಅದನ್ನೇ ಬರೆಯುತ್ತಿದ್ದೆ.

ಹೊರಗೆ ಬೇವಿನ ಮರದ ಕೆಳಗೆ ಸ್ಕೂಟರ್ ತೆಗೆಯುತ್ತಿದ್ದೆ. ಆ ಹೆಂಗಸು ಜನರನ್ನೆಲ್ಲ ಅಲ್ಲೇ ಬಿಟ್ಟು ಒಬ್ಬಳೇ ನನ್ನ ಕಡೆ ನಡೆದು ಬಂದಳು. ಬೈಯಲು ಬಂದಳು, ಬೈಯಲಿ, ಎಂದುಕೊಂಡೆ. ದೂರದಲ್ಲಿ ಸೊಸೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಕುತ್ತಿಗೆಯಲ್ಲಿ ಕರಿಮಣಿ ಸರ ಇತ್ತು.

ಅವಳು ಬೈಯಲಿಲ್ಲ. ಬೆರಳು ಸುಕ್ಕಾದ ಆ ಬಲಗೈಯಿಂದ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡು, ಮೆತ್ತಗೆ ಕೇಳಿದಳು.

"ಡಾಕ್ಟ್ರಮ್ಮ, ಆ ಸೂಜಿ ಬೇಕು ಅಂತ ಅವ್ನು ನಿಮ್ಮತ್ರ ಎಷ್ಟು ಸಲ ಕೇಳಿದ್ದ?"

ವಕೀಲರು ಇದನ್ನು ಕೇಳಿರಲಿಲ್ಲ. "ಲೆಕ್ಕ ಇಡಲಿಲ್ಲ," ಎಂದೆ.

"ನೀರು ಕೇಳಿದ್ದು ನಾನೂ ಲೆಕ್ಕ ಇಡ್ಲಿಲ್ಲ," ಎಂದಳು.

ಮಗು ಅತ್ತಿತು, ತಿರುಗಿ ಹೋದಳು. ನಾನು ಅವಳಿಗೆ ಸುಳ್ಳು ಹೇಳಿದ್ದೆ. ಆ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು, ಹನಿಗಳ ಜೊತೆ ಅದನ್ನೂ ಎಣಿಸಿದ್ದೆ. ಹದಿನಾಲ್ಕು ಸಲ ಕೇಳಿದ್ದ.